ಬಿಸಿಲು, ಧೂಳು, ಗಡಸು ನೀರು: ರಾಯಚೂರು ಸೀಮೆಯಲ್ಲಿ ಬೈಕು, ಕಾರು ಕಾಪಾಡಿಕೊಳ್ಳುವ ಬಗೆ

ಹೊಸ ಬೈಕು ಅಥವಾ ಕಾರಿನ ಜೊತೆ ಕೊಡುವ ಕೈಪಿಡಿಯನ್ನು ನಮ್ಮಲ್ಲಿ ಬಹುತೇಕರು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ತೆಗೆದವರೂ ಸರ್ವೀಸ್ ಪಟ್ಟಿಯ ಮೇಲಿನ ಸಾಲುಗಳನ್ನು ನೋಡಿ ಮಡಚಿಡುತ್ತಾರೆ. ಆದರೆ ಹೆಚ್ಚಿನ ಕೈಪಿಡಿಗಳಲ್ಲಿ ಆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಧೂಳಿನ ರಸ್ತೆ, ಅತಿ ಬಿಸಿಲು, ಭಾರದ ಹೊರೆ, ಮೇಲಿಂದ ಮೇಲೆ ಕಡಿಮೆ ದೂರದ ಓಡಾಟ ಇರುವ ಕಡೆ ಅದನ್ನು ಕಠಿಣ ಬಳಕೆಯೆಂದು ತಿಳಿದು ಆಯಿಲ್, ಫಿಲ್ಟರ್ ಮೊದಲಾದವನ್ನು ಬೇಗ ಬದಲಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ, ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಕೆಂಪು ಧೂಳೂ ಸಿಂಧನೂರು, ಮಾನ್ವಿಯ ಕಡೆ ಎರೆ ಹೊಲದ ಕಪ್ಪು ಧೂಳೂ ಏಳುವ ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಆ ಸಣ್ಣ ಅಕ್ಷರದ ಸಾಲೇ ಮುಖ್ಯ ಸಾಲು. ಕೆಎ-34, ಕೆಎ-36, ಕೆಎ-37 ಎಂಬ ಫಲಕ ಹೊತ್ತ ಪ್ರತಿಯೊಂದು ವಾಹನವೂ ಹುಟ್ಟಿನಿಂದಲೇ ಕಠಿಣ ಬಳಕೆಯ ವಾಹನವೆಂದು ತಿಳಿದು ನಡೆದುಕೊಂಡರೆ ಅರ್ಧ ತೊಂದರೆ ಬಾರದೆಯೇ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ತಪಾಸಣೆಗಳನ್ನೆಲ್ಲ ನಾನು ಸೂರ್ಯ ಮೇಲೇರುವ ಮೊದಲು, ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಮೇಲೆ ಮಾಡುತ್ತೇನೆ. ಬಿಸಿಯಾದ ಟೈರು ತಪ್ಪು ಅಂಕಿ ತೋರಿಸುತ್ತದೆ, ಬಿಸಿಯಾದ ರೇಡಿಯೇಟರ್ ಕೈ ಸುಡುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಬಗ್ಗಿ ಕುಳಿತವನಿಗೆ ಯಾವುದನ್ನೂ ಸರಿಯಾಗಿ ನೋಡುವ ತಾಳ್ಮೆ ಇರುವುದಿಲ್ಲ.

ಟೈರು ಮತ್ತು ಹವಾ

ಬೇಸಿಗೆಯ ತಯಾರಿ ಟೈರಿನಿಂದ ಆರಂಭವಾಗಬೇಕು. ಎಂಜಿನ್ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ. ಟೈರು ಕೈಕೊಟ್ಟರೆ ಗಾಡಿ ಉರುಳುತ್ತದೆ.

ಬಿಸಿಲಿಗೆ ಟೈರಿನೊಳಗಿನ ಹವಾ ಹಿಗ್ಗಿ ಒಡೆಯುತ್ತದೆ, ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕೈದು ಪಾಯಿಂಟ್ (ಪಿಎಸ್‌ಐ) ಕಡಿಮೆಯೇ ಇರಲಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಕೆಲವು ಪಂಕ್ಚರ್ ಅಂಗಡಿಗಳಲ್ಲಿ ಕೇಳದೆಯೇ ಕಡಿಮೆ ಹಾಕಿ ಕಳುಹಿಸುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಮುಂಜಾನೆ 30 ಡಿಗ್ರಿಯಲ್ಲಿ 32 ಪಾಯಿಂಟ್ ಇದ್ದ ಕಾರಿನ ಟೈರು ಓಡುತ್ತ ಓಡುತ್ತ 70 ಡಿಗ್ರಿಗೆ ಕಾಯ್ದರೆ ಒಳಗಿನ ಒತ್ತಡ ಸುಮಾರು 38 ಪಾಯಿಂಟ್‌ಗೆ ಏರುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಟೈರನ್ನು ರೂಪಿಸಿರುತ್ತಾರೆ, ಆದ್ದರಿಂದ ಸರಿಯಾಗಿರುವ ಟೈರು ಇಷ್ಟಕ್ಕೆ ಒಡೆಯುವುದಿಲ್ಲ. ಹವಾ ಕಡಿಮೆ ಇದ್ದಾಗ ಮಾತ್ರ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯನ್ನು ಮೇಲಿಂದ ಮೇಲೆ ಬಗ್ಗಿಸಿದರೆ ಅದು ಕೈಗೆ ಬಿಸಿ ಹತ್ತುವಂತೆ ರಬ್ಬರು ಒಳಗಿನಿಂದಲೇ ಕಾಯುತ್ತದೆ, ಹೊರಗಿನಿಂದ ಡಾಂಬರಿನ ಕಾವೂ ಸೇರುತ್ತದೆ, ಕೊನೆಗೆ ಒಳಗಿನ ಪದರಗಳು ಒಂದನ್ನೊಂದು ಬಿಟ್ಟು ಟೈರು ಸಿಡಿಯುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯುವುದಕ್ಕೆ ಮುಖ್ಯ ಕಾರಣ ಹೆಚ್ಚಾದ ಹವಾ ಅಲ್ಲ, ಕಡಿಮೆಯಾದ ಹವಾ, ಅದರ ಮೇಲೆ ಹೊರೆ ಮತ್ತು ವೇಗ.

ಆದ್ದರಿಂದ ಕಂಪನಿ ಹೇಳಿದ ಅಂಕಿಯನ್ನೇ ಹಿಡಿಯಬೇಕು. ಕಾರಿನಲ್ಲಿ ಅದು ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ, ಬೈಕಿನಲ್ಲಿ ಸಾಮಾನ್ಯವಾಗಿ ಚೈನಿನ ಕವಚ ಅಥವಾ ಹಿಂದಿನ ಫೋರ್ಕಿನ ಬಳಿ ಅಂಟಿಸಿರುತ್ತಾರೆ. ಟೈರಿನ ಗೋಡೆಯ ಮೇಲೆ ಬರೆದಿರುವುದು ಆ ಟೈರು ತಾಳುವ ಗರಿಷ್ಠ ಒತ್ತಡ, ಅದನ್ನು ಹಾಕಬಾರದು. ಇಬ್ಬರು ಕೂರುವಾಗ ಅಥವಾ ಡಿಕ್ಕಿ ತುಂಬಿದಾಗ ಹಿಂದಿನ ಟೈರಿಗೆ ಬೇರೆ ಅಂಕಿ ಇರುತ್ತದೆ ಎಂಬುದನ್ನು, ಹುಲಿಗಿಗೋ ಮಂತ್ರಾಲಯಕ್ಕೋ ಮನೆಮಂದಿಯೆಲ್ಲ ಹೊರಡುವ ದಿನ ಮರೆಯಬಾರದು. ಎರಡು ವಾರಕ್ಕೊಮ್ಮೆ, ಮೂರು ಕಿಲೋಮೀಟರಿಗಿಂತ ಕಡಿಮೆ ಓಡಿದ ಸ್ಥಿತಿಯಲ್ಲಿ, ಸ್ವಂತ ಗೇಜಿನಿಂದಲೇ ನೋಡಿಕೊಳ್ಳುವುದು ಒಳ್ಳೆಯದು. ದಾರಿಯ ನಡುವೆ ಬಿಸಿಯಾದ ಟೈರಿನಲ್ಲಿ ಅಂಕಿ ಹೆಚ್ಚು ಕಂಡಿತೆಂದು ಹವಾ ಬಿಡುವುದು ದೊಡ್ಡ ತಪ್ಪು, ಏಕೆಂದರೆ ಸಂಜೆ ತಣ್ಣಗಾದಾಗ ಅದು ಕಡಿಮೆ ಹವಾದ ಟೈರಾಗಿರುತ್ತದೆ. ನೈಟ್ರೋಜನ್ ತುಂಬಿಸುವವರು ತುಂಬಿಸಿಕೊಳ್ಳಲಿ, ಕೆಡುಕೇನಿಲ್ಲ; ಆದರೆ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ನೇ ಇರುವಾಗ, ಅದಕ್ಕೆ ಕೊಡುವ ಹಣವನ್ನು ಒಂದು ಒಳ್ಳೆಯ ಗೇಜಿಗೆ ಕೊಡುವುದು ಮೇಲು ಎಂಬುದು ನನ್ನ ಅನಿಸಿಕೆ.

ಟೈರಿನ ವಯಸ್ಸನ್ನೂ ನೋಡಬೇಕು. ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು ಎಂದರ್ಥ. ಹಲ್ಲು ಎಷ್ಟೇ ಉಳಿದಿರಲಿ, ಬಿಸಿಲಿನಲ್ಲೇ ನಿಲ್ಲುವ ಗಾಡಿಯ ಟೈರು ಐದಾರು ವರ್ಷದ ಹೊತ್ತಿಗೆ ಗಡಸಾಗಿ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡಲಾರಂಭಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸುವ ಮನೆಯ ಕಾರುಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಹಲ್ಲು ಸವೆದಿಲ್ಲವೆಂಬ ಧೈರ್ಯದಲ್ಲಿ ಟೈರನ್ನು ಯಾರೂ ಬದಲಿಸುವುದಿಲ್ಲ. ಸ್ಟೆಪ್ನಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ನಮ್ಮ ಸೀಮೆಯ ವಿಶೇಷವೆಂದರೆ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಹೊಲದ ಬದು, ಕಾಲುವೆಯ ದಂಡೆ, ಊರ ಹೊರಗಿನ ಪಾಳು ನೆಲ ಎಲ್ಲೆಡೆ ಹಬ್ಬಿರುವ ಈ ಜಾಲಿಯ ಮುಳ್ಳು, ಬೇಲಿಗೆ ಕಡಿದು ಸಾಗಿಸುವಾಗ ರಸ್ತೆಗೂ ಬೀಳುತ್ತದೆ. ಟ್ಯೂಬ್ ಇರುವ ಟೈರಿಗೆ ಚುಚ್ಚಿದರೆ ಕೂಡಲೇ ಹವಾ ಇಳಿದು ಗೊತ್ತಾಗುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ತಾನೇ ಬಿರಡೆಯಾಗಿ ಕುಳಿತು ದಿನಕ್ಕೆ ಒಂದೆರಡು ಪಾಯಿಂಟ್ ಮಾತ್ರ ಸೋರುತ್ತದೆ, ಮೇಲೆ ಹೇಳಿದ ಕಡಿಮೆ ಹವಾದ ಅಪಾಯವನ್ನು ಸದ್ದಿಲ್ಲದೆ ತಂದಿಡುತ್ತದೆ. ನಾಲ್ಕರಲ್ಲಿ ಒಂದೇ ಟೈರು ಪ್ರತಿ ಸಲ ಕಡಿಮೆ ತೋರಿಸಿದರೆ ಮುಳ್ಳು ಹುಡುಕಬೇಕು, ಸಿಕ್ಕಿದರೆ ಅಂಗಡಿ ತಲುಪುವವರೆಗೆ ಕೀಳಬಾರದು.

ಆಯಿಲ್, ಏರ್ ಫಿಲ್ಟರ್, ಚೈನು

ನಮ್ಮ ಸಾಮಾನ್ಯ ನೂರು, ನೂರಿಪ್ಪತ್ತೈದು ಸಿಸಿ ಬೈಕುಗಳ ಎಂಜಿನ್ ತಣಿಯುವುದು ಎದುರು ಗಾಳಿಯಿಂದ ಮತ್ತು ಒಳಗಿನ ಆಯಿಲ್‌ನಿಂದ. 42 ಡಿಗ್ರಿಯ ದಿನ ಎದುರು ಗಾಳಿಯೇ ಬಿಸಿಯಾಗಿರುವುದರಿಂದ ಆಯಿಲ್‌ನ ಪಾಲಿನ ಕೆಲಸ ಹೆಚ್ಚುತ್ತದೆ. ಡಬ್ಬದ ಮೇಲಿನ 10ಡಬ್ಲ್ಯೂ-30, 20ಡಬ್ಲ್ಯೂ-40 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನೂ ಎರಡನೆಯದು 100 ಡಿಗ್ರಿ ಕಾವಿನಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತದೆ. ಬಿಸಿಲಿನ ಊರೆಂದು ಕೈಪಿಡಿಯನ್ನು ಮೀರಿ ಮಂದ ಆಯಿಲ್ ಹಾಕಿಸುವುದು ಸರಿಯಲ್ಲ, ಏಕೆಂದರೆ ಈಗಿನ ಎಂಜಿನ್‌ಗಳ ಸಂದುಗಳು ಕಿರಿದಾಗಿವೆ. ಕೈಪಿಡಿಯಲ್ಲಿ ಹೊರಗಿನ ಉಷ್ಣತೆಗೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಕೊಟ್ಟಿದ್ದರೆ ಅವುಗಳಲ್ಲಿ ಬಿಸಿಲಿಗೆ ಹೇಳಿದ್ದನ್ನು ಆರಿಸಿಕೊಂಡರೆ ಸಾಕು. ಕಾರಿಗೆಂದು ತಂದು ಉಳಿದ ಆಯಿಲನ್ನು ಬೈಕಿಗೆ ಸುರಿಯುವ ಉಳಿತಾಯ ಬೇಡ. ಗೇರಿನ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ, ಕಾರಿನ ಆಯಿಲ್‌ನಲ್ಲಿರುವ ಜಾರಿಕೆಯ ರಾಸಾಯನಿಕಗಳಿಂದ ಕ್ಲಚ್ ಹಿಡಿತ ಬಿಡಬಹುದು. ಬೈಕಿನ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತಿರಬೇಕು.

ಆಯಿಲ್ ಬದಲಿಸುವುದಕ್ಕಿಂತಲೂ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಅದರ ಮಟ್ಟವನ್ನು ನೋಡುವ ಕೆಲಸ. ಗಾಳಿಯಿಂದ ತಣಿಯುವ ಎಂಜಿನ್ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ಆಯಿಲ್ ತಿನ್ನುತ್ತದೆ. ಒಂದು ಲೀಟರಿಗಿಂತ ಕಡಿಮೆ ಆಯಿಲ್ ಹಿಡಿಯುವ ಎಂಜಿನ್‌ನಲ್ಲಿ ಕಾಲು ಲೀಟರ್ ಕಡಿಮೆಯಾದರೆ ಉಳಿದದ್ದು ಎಷ್ಟು ಬೇಗ ಕಾಯುತ್ತದೆಂದು ಯಾರು ಬೇಕಾದರೂ ಊಹಿಸಬಹುದು. ಬೈಕನ್ನು ನೇರವಾಗಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕಡ್ಡಿಯನ್ನು ಒರೆಸಿ, ಕೈಪಿಡಿ ಹೇಳಿದಂತೆ ಇಳಿಬಿಟ್ಟು ಎರಡು ಗೆರೆಗಳ ನಡುವೆ ಇದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ರೈಲ್ವೆ ಗೇಟಿನಲ್ಲಿ ನಿಂತಾಗ ಎಂಜಿನ್ ಆರಿಸುವುದು ಪೆಟ್ರೋಲಿನ ಉಳಿತಾಯಕ್ಕೆ ಮಾತ್ರವಲ್ಲ. ನಿಂತ ಬೈಕಿಗೆ ಎದುರು ಗಾಳಿ ಇರುವುದಿಲ್ಲ.

ಧೂಳಿನ ಮಾತಿಗೆ ಬಂದರೆ, ಏರ್ ಫಿಲ್ಟರ್ ಕಟ್ಟಿಕೊಂಡ ಎಂಜಿನ್ ಉಸಿರುಗಟ್ಟಿದವನಂತೆ ದುಡಿಯುತ್ತದೆ, ಹರಿದ ಫಿಲ್ಟರಿನ ಎಂಜಿನ್ ಮಣ್ಣನ್ನೇ ನುಂಗಿ ಪಿಸ್ಟನ್ ಸವೆಸಿಕೊಳ್ಳುತ್ತದೆ. ಕೆಲವು ಬೈಕುಗಳಲ್ಲಿ ಸ್ಪಂಜಿನ ಫಿಲ್ಟರ್ ಇರುತ್ತದೆ, ಅದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಮತ್ತೆ ಹಾಕಬಹುದು. ಈಗಿನ ಬಹಳಷ್ಟು ಬೈಕು, ಸ್ಕೂಟರ್‌ಗಳಲ್ಲಿ ಇರುವುದು ಅಂಟು ಆಯಿಲ್ ಸವರಿದ ಕಾಗದದ ಫಿಲ್ಟರ್; ಅದನ್ನು ಹವಾ ಹೊಡೆದು ಶುಚಿ ಮಾಡುವಂತಿಲ್ಲ, ಮಾಡಿದರೆ ಧೂಳು ಹಿಡಿಯುವ ಗುಣವೇ ಹೋಗುತ್ತದೆ, ಬದಲಿಸುವುದೊಂದೇ ದಾರಿ. ಕಾರಿನ ಒಣ ಕಾಗದದ ಫಿಲ್ಟರನ್ನು ಒಳಗಿನಿಂದ ಹೊರಗೆ ಮೆಲ್ಲನೆ ಹವಾ ಹೊಡೆದು ಕೆಲವು ಸಲ ಬಳಸಬಹುದು. ಅದಿರು ಲಾರಿಗಳ ದಾರಿಯಲ್ಲಿ ದಿನವೂ ಓಡಾಡುವವರು ಕೈಪಿಡಿ ಹೇಳಿದ ದೂರದ ಅರ್ಧಕ್ಕೇ ಫಿಲ್ಟರ್ ತೆರೆಸಿ ನೋಡಬೇಕು. ಕೆಲವು ನೂರು ರೂಪಾಯಿಯ ಫಿಲ್ಟರಿಗೆ ಜಿಪುಣತನ ಮಾಡಿ ಸವೆದ ಸಿಲಿಂಡರನ್ನು ಬೋರ್ ಮಾಡಿಸುವ ಖರ್ಚಿಗೆ ಬಿದ್ದವರನ್ನು ಗ್ಯಾರೇಜಿನ ಬೆಂಚಿನ ಮೇಲೆ ಬಹಳ ನೋಡಿದ್ದೇನೆ.

ಚೈನಿಗೆ ಹೊಸ ಎಣ್ಣೆ ಹಾಕುವ ಮೊದಲು ಹಳೆಯ ಜಿಡ್ಡನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ತೆಗೆಯಬೇಕು, ಇಲ್ಲದಿದ್ದರೆ ಎಣ್ಣೆ ಮತ್ತು ಧೂಳು ಸೇರಿ ಅರೆಯುವ ಕಲ್ಲಾಗುತ್ತದೆ. 500 ಕಿಲೋಮೀಟರಿಗೊಮ್ಮೆ ಹೀಗೆ ಮಾಡಿ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿಬಿಟ್ಟರೆ ಸಾಕು. ಭಾನುವಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೋಪಾನದಲ್ಲಿ ಬೈಕು ತೊಳೆಯುವ ಅಭ್ಯಾಸವಿದ್ದವರು ಎರಡು ಮಾತು ನೆನಪಿಡಬೇಕು: ಓಡಿಸಿಕೊಂಡು ಹೋದ ಬಿಸಿ ಎಂಜಿನ್, ಸೈಲೆನ್ಸರ್, ಡಿಸ್ಕಿನ ಮೇಲೆ ಕೂಡಲೇ ತಣ್ಣೀರು ಎರಚಬಾರದು, ತೊಳೆದ ಮೇಲೆ ಚೈನನ್ನು ಒಣಗಿಸಿ ಎಣ್ಣೆ ಹಚ್ಚದೆ ಮನೆಗೆ ಬರಬಾರದು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ

ಕೆಲವು ವರ್ಷಗಳ ಹಿಂದೆ ಮಸ್ಕಿಯಿಂದ ಸಿಂಧನೂರಿಗೆ ಬರುವಾಗ ನನ್ನ ಹಳೆಯ ಕಾರಿನ ರಬ್ಬರ್ ಪೈಪೊಂದು ಬಿರಿಯಿತು. ದಾರಿಬದಿಯ ಗ್ಯಾರೇಜೊಂದರಲ್ಲಿ ಪೈಪು ಬದಲಿಸಿ, ಅಲ್ಲೇ ಇದ್ದ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ತುಂಬಿ ಕಳುಹಿಸಿದರು. ಊರಿಗೆ ಬಂದ ಮೇಲೆ ಆ ನೀರನ್ನು ಬಿಡಿಸಿ ಕೂಲಂಟ್ ಹಾಕಿಸಬೇಕಿತ್ತು, ನಾನು ಹಾಕಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎಸಿ ಹಾಕಿದರೆ ಸಾಕು ಎಂಜಿನ್‌ನ ಕಾವು ತೋರಿಸುವ ಮುಳ್ಳು ಮೇಲಕ್ಕೆ ಸರಿಯತೊಡಗಿತು. ಬಿಚ್ಚಿಸಿದಾಗ, ನೀರು ಕಾಯಿಸುವ ಹಂಡೆಯ ತಳಕ್ಕೆ ಕಟ್ಟುವಂಥದೇ ಬಿಳಿಯ ಪೊರೆ ರೇಡಿಯೇಟರಿನ ಕೊಳವೆಗಳ ಒಳಗೆಲ್ಲ ಕಟ್ಟಿತ್ತು. ಗ್ಯಾರೇಜಿನವನ ತಪ್ಪಿಗಿಂತ ನನ್ನ ಸೋಮಾರಿತನವೇ ಹೆಚ್ಚು ದೊಡ್ಡದು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು ನೀರು, ಕಾದಾಗ ಸುಣ್ಣದ ಪೊರೆ ಬಿಡುತ್ತದೆ, ಆ ಪೊರೆ ಕಾವು ಹೊರಹೋಗುವುದನ್ನು ತಡೆಯುತ್ತದೆ. ಕೂಲಂಟ್ ಎಂದರೆ ಬಣ್ಣದ ನೀರಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಜೊತೆಗಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಸಮಪಾಲು ಬೆರೆಸಿದ ಕೂಲಂಟ್, ಮುಚ್ಚಳದ ಒತ್ತಡವೂ ಸೇರಿ, 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬೆರೆಸುವುದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬೆರೆಸಬೇಕು. ಹಲವು ಡಬ್ಬಗಳು ಮೊದಲೇ ಬೆರೆಸಿದ ರೂಪದಲ್ಲಿ ಬರುತ್ತವೆ, ಅವಕ್ಕೆ ನೀರು ಸೇರಿಸಬಾರದು. ಬಣ್ಣ ಒಂದೇ ಎಂದು ಬೇರೆ ಬೇರೆ ಬಗೆಯ ಕೂಲಂಟ್ ಬೆರೆಸುವುದೂ ಬೇಡ. ಇದು ವಿಷ, ರುಚಿಗೆ ಸಿಹಿ. ತೆರೆದ ಬಕೆಟ್ಟಿನಲ್ಲಿ ಬಿಡಿಸಿಟ್ಟರೆ ನಾಯಿಗೂ ಮಕ್ಕಳಿಗೂ ಅಪಾಯ.

ರೇಡಿಯೇಟರಿನ ಮುಂದೆ ಎಸಿಯ ಕಂಡೆನ್ಸರ್ ಇರುತ್ತದೆ, ಅದರ ರೆಕ್ಕೆಗಳ ನಡುವೆ ಭತ್ತದ ಹೊಟ್ಟು, ಹುಳು, ಧೂಳು ಸೇರಿ ಗಟ್ಟಿಯಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಬೀದಿಯಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಗೆ ಮೊದಲು ಸಣ್ಣ ಒತ್ತಡದ ನೀರಿನಿಂದ ಅದನ್ನು ತೊಳೆಸಬೇಕು, ಜೋರಾದ ಪ್ರೆಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಸಿ ತಂಪು ಕೊಡುತ್ತಿಲ್ಲವೆಂದು ಕೂಡಲೇ ಗ್ಯಾಸ್ ತುಂಬಿಸಲು ಓಡುವ ಮೊದಲು ಈ ತೊಳೆಯುವಿಕೆಯನ್ನೂ ಕ್ಯಾಬಿನ್ ಫಿಲ್ಟರನ್ನೂ ನೋಡುವುದು ಜಾಣತನ.

ಮುಳ್ಳು ಕೆಂಪಿನತ್ತ ಸರಿದರೆ, ಅಥವಾ ಮುಳ್ಳೇ ಇಲ್ಲದ ಈಗಿನ ಸಣ್ಣ ಕಾರುಗಳಲ್ಲಿ ಕೆಂಪು ಥರ್ಮಾಮೀಟರಿನ ದೀಪ ಹತ್ತಿದರೆ, ಮೊದಲು ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ ಕಿಟಕಿ ಇಳಿಸಬೇಕು. ಮೇ ತಿಂಗಳಲ್ಲಿ ಹೀಟರ್ ಹಾಕುವುದು ಹುಚ್ಚುತನವೆನಿಸಬಹುದು, ಆದರೆ ಎಂಜಿನ್‌ನ ಕಾವನ್ನು ಕಾರಿನೊಳಕ್ಕೆ ಹರಿಸಿ ಇಳಿಸುವ ಉಪಾಯ ಅದೊಂದೇ. ನೆರಳು ಸಿಕ್ಕ ಕೂಡಲೇ ನಿಲ್ಲಿಸಬೇಕು. ಆವಿ ಕಂಡರೆ ಅಥವಾ ಕೆಳಗೆ ನೀರು ಸುರಿಯುತ್ತಿದ್ದರೆ ಎಲ್ಲಿದ್ದರೂ ಬದಿಗೆ ಸರಿಸಿ ತಕ್ಷಣ ಎಂಜಿನ್ ಆರಿಸಬೇಕು. ಅರ್ಧ ಗಂಟೆಗಿಂತ ಮೊದಲು ಮುಚ್ಚಳಕ್ಕೆ ಕೈ ಹಾಕಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಬ್ಯಾಟರಿ ಮತ್ತು ಪೆಟ್ರೋಲ್

ಬ್ಯಾಟರಿ ಮಳೆಗಾಲದಲ್ಲಿ ಕೈಕೊಟ್ಟರೂ ಅದನ್ನು ಕೆಡಿಸಿರುವುದು ಸಾಮಾನ್ಯವಾಗಿ ಹಿಂದಿನ ಬೇಸಿಗೆ. ಉಷ್ಣತೆ ಹೆಚ್ಚಿದಷ್ಟೂ ಒಳಗಿನ ಫಲಕಗಳ ಸವೆತ ಹೆಚ್ಚುತ್ತದೆ, ನೀರು ಆರುತ್ತದೆ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಟರ್ಮಿನಲ್‌ಗೆ ಕಟ್ಟಿದ ಬಿಳಿ, ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ ವ್ಯಾಸಲೀನ್ ಸವರಬೇಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ.

ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿದರೆ ಸ್ಫೋಟವಾಗುತ್ತದೆ, ಅರ್ಧವೇ ಹಾಕಿಸಿ ಎಂಬ ಸಂದೇಶ ವರ್ಷ ವರ್ಷವೂ ಮೊಬೈಲಿಗೆ ಬರುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆಯ ಹೆಸರಿನಲ್ಲಿ ಹರಿದಾಡಿದ ಆ ಸಂದೇಶವನ್ನು ಆ ಸಂಸ್ಥೆಯೇ ಅಲ್ಲಗಳೆದಿದೆ. ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸಲು ಯಾವ ಕಾಲದಲ್ಲೂ ಅಡ್ಡಿಯಿಲ್ಲ. ಆದರೆ ಪೆಟ್ರೋಲ್ 10 ಡಿಗ್ರಿಗೆ ಸುಮಾರು ಶೇಕಡಾ ಒಂದರಷ್ಟು ಹಿಗ್ಗುವುದರಿಂದ, ಬೈಕಿನ ಟ್ಯಾಂಕನ್ನು ಮುಚ್ಚಳದ ಅಂಚಿನವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಬಿಸಿ ಎಂಜಿನ್‌ನ ಮೇಲೆ ತೊಟ್ಟಿಕ್ಕಬಹುದು. ಪಂಪಿನ ನಳಿಕೆ ತಾನೇ ನಿಂತ ಮೇಲೆ ಲೆಕ್ಕ ಸರಿ ಮಾಡಲು ಇನ್ನಷ್ಟು ಹಾಕಿಸಬಾರದು.

ನಿಲ್ಲಿಸುವಾಗ

ಮಧ್ಯಾಹ್ನ ಡಾಂಬರು ಮೆತ್ತಗಾಗಿರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ಹೋದ ಬೈಕು, ಸ್ಟ್ಯಾಂಡ್ ನಿಧಾನವಾಗಿ ಹೂತುಕೊಂಡು, ಬ್ಯಾಂಕಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗುಚಿ ಬಿದ್ದಿರುತ್ತದೆ. ಅಂಗೈಯಗಲದ ತಗಡು ಅಥವಾ ಚಪ್ಪಟೆ ಕಲ್ಲನ್ನು ಸ್ಟ್ಯಾಂಡಿನಡಿ ಇಟ್ಟರೆ ಆ ಗೋಳಿಲ್ಲ. ಕಾದ ಹಂಚಿನಂತಾಗುವ ಕಪ್ಪು ಸೀಟಿನ ಮೇಲೆ ಬಿಳಿ ಟವೆಲ್ಲು ಹಾಸಿ ಹೋಗುವುದು ನಮ್ಮಲ್ಲಿ ಎಲ್ಲರೂ ಬಲ್ಲ ಉಪಾಯ.

ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾವು ಏರಬಲ್ಲದು. ಹೊರಗೆ 40 ಇದ್ದರೆ ಒಳಗೆ 60ರ ಆಸುಪಾಸು ಎಂದರ್ಥ. ಕಿಟಕಿಯನ್ನು ಒಂದಿಂಚು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಾಗದು. ಮಗುವನ್ನು ಮಲಗಿದೆಯೆಂದು ಕಾರಿನಲ್ಲೇ ಬಿಟ್ಟು ಐದು ನಿಮಿಷಕ್ಕೆಂದು ಅಂಗಡಿಗೆ ಹೋಗುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಸಿಗರೇಟ್ ಲೈಟರ್, ಸೆಂಟಿನ ಡಬ್ಬ, ಪವರ್ ಬ್ಯಾಂಕ್‌ಗಳನ್ನೂ ಒಳಗೆ ಬಿಡಬಾರದು. ಮರಳಿ ಬಂದಾಗ ನಾಲ್ಕೂ ಬಾಗಿಲು ತೆರೆದು, ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿಗಾಳಿ ಹೊರಹೋದ ಮೇಲೆ ಕಿಟಕಿ ಏರಿಸಿ, ಎಸಿಯನ್ನು ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಗೆ ಹಾಕಿದರೆ ಬೇಗ ತಂಪಾಗುತ್ತದೆ.

ವಿದ್ಯುತ್ ಸ್ಕೂಟರ್ ಇದ್ದವರಿಗೆ ಒಂದೇ ಮಾತು: ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ, ಮುಕ್ಕಾಲು ಗಂಟೆ ನೆರಳಲ್ಲಿ ತಣಿಯಲು ಬಿಡಿ, ಮನೆಯಿಂದ ಹೊರಬರುವ ದಾರಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ.

ಓಡಿಸುವಾಗ

ಸಿಂಧನೂರಿನಿಂದ ರಾಯಚೂರಿಗೆ ಹೋಗಬೇಕಾದರೆ ನಾನು ಬೆಳಗಿನ ಐದೂವರೆಗೆ ಹೊರಡುತ್ತೇನೆ. ಕೆಲಸ ಮುಗಿಯುವುದು ತಡವಾದರೆ ಸಂಜೆ ನಾಲ್ಕೂವರೆಯವರೆಗೆ ಅಲ್ಲೇ ಉಳಿಯುತ್ತೇನೆ. ನಡುಹಗಲ ಆ ನಾಲ್ಕೈದು ಗಂಟೆಗಳನ್ನು ಬಿಟ್ಟುಕೊಟ್ಟವನಿಗೆ ಮುಂದಿನ ಸಲಹೆಗಳಲ್ಲಿ ಅರ್ಧ ಬೇಕಾಗುವುದೇ ಇಲ್ಲ.

ಹೋಗಲೇಬೇಕಾದ ಬೈಕ್ ಸವಾರರು ಒಂದು ಸಂಗತಿಯನ್ನು ತಿಳಿದಿರಬೇಕು. ಗಾಳಿಯ ಉಷ್ಣತೆ ಮೈಯ ಉಷ್ಣತೆಗಿಂತ ಹೆಚ್ಚಾದ ಮೇಲೆ ಎದುರು ಗಾಳಿ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ. ಆಗ ತಂಪು ಕೊಡುವುದು ಬೆವರು ಆರುವುದೊಂದೇ. ನಮ್ಮದು ಒಣ ಬಿಸಿಲಾದ್ದರಿಂದ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುವವರೆಗೂ ನೀರು ಕಳೆದುಕೊಂಡದ್ದು ತಿಳಿಯುವುದಿಲ್ಲ. ಅರ್ಧ ತೋಳಿನ ಅಂಗಿಯಲ್ಲಿ ಗಾಳಿಗೊಡ್ಡಿ ಹೋಗುವವನಿಗಿಂತ, ಸಡಿಲವಾದ ತುಂಬು ತೋಳಿನ ಹತ್ತಿ ಬಟ್ಟೆ ತೊಟ್ಟು ಕುತ್ತಿಗೆಗೆ ಒದ್ದೆ ಟವೆಲ್ಲು ಸುತ್ತಿದವನು ಕಡಿಮೆ ಬಳಲುತ್ತಾನೆ. ಹೊಲದ ಹಿರಿಯರು ರುಮಾಲು ಸುತ್ತಿ ಮೈತುಂಬ ಬಟ್ಟೆ ತೊಟ್ಟು ಹೊರಡುವುದರ ಹಿಂದೆ ಇದೇ ಲೆಕ್ಕವಿದೆ. ಸೆಕೆಯೆಂದು ಹೆಲ್ಮೆಟ್ ಬಿಡುವ ಪ್ರಶ್ನೆಯೇ ಇಲ್ಲ. ಬಿಳಿ ಅಥವಾ ತಿಳಿ ಬಣ್ಣದ, ಗಾಳಿಕಿಂಡಿ ಇರುವ, ಐಎಸ್‌ಐ ಗುರುತಿನ ಹೆಲ್ಮೆಟ್ಟಿನೊಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರು ಕಣ್ಣಿಗಿಳಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ನಿಂತು ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿಯಬೇಕು.

ಜೊತೆಗಿರುವವರು ತಲೆಸುತ್ತು, ವಾಕರಿಕೆ, ಕಾಲು ಸೆಡೆತ ಎಂದರೆ ಪಯಣ ಅಲ್ಲಿಗೆ ನಿಲ್ಲಬೇಕು. ಮಾತು ತೊದಲಿ, ಅಸಂಬದ್ಧವಾಗಿ ವರ್ತಿಸಿ, ಮೈ ಕೆಂಡದಂತೆ ಕಾಯ್ದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ರಸ್ತೆಯ ಮೇಲೆ ಕಣ್ಣಿಡಬೇಕಾದ ಸಂಗತಿಗಳು ಹಲವು, ಅವುಗಳಲ್ಲಿ ಎರಡನ್ನು ಬಿಡಿಸಿ ಹೇಳುತ್ತೇನೆ. ಮೊದಲನೆಯದು ಭಾರ ಹೊತ್ತ ಲಾರಿಯ ಟೈರು. ಹೊರೆ, ವೇಗ, ಕಾದ ಡಾಂಬರು ಮೂರೂ ಸೇರಿದಾಗ ಅದು ಸಿಡಿದರೆ ರಬ್ಬರಿನ ಪಟ್ಟಿ ಬೈಕ್ ಸವಾರನನ್ನು ಕೆಡವುವಷ್ಟು ಬಲವಾಗಿ ಬಡಿಯುತ್ತದೆ. ಲಾರಿಯ ಪಕ್ಕದಲ್ಲಿ ಅದರದೇ ವೇಗದಲ್ಲಿ ಸಾಗದೆ, ದಾಟುವುದಿದ್ದರೆ ಬೇಗ ದಾಟಬೇಕು, ಇಲ್ಲದಿದ್ದರೆ ದೂರ ಹಿಂದೆ ಉಳಿಯಬೇಕು.

ಎರಡನೆಯದು ರಸ್ತೆಯನ್ನೇ ಕಣ ಮಾಡಿಕೊಳ್ಳುವ ರೂಢಿ. ಸುಗ್ಗಿಯ ದಿನಗಳಲ್ಲಿ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಒಳರಸ್ತೆಗಳಲ್ಲಿ ಹುರುಳಿ, ಕಡಲೆ, ಸಜ್ಜೆ ಹರಡಿ ವಾಹನಗಳಿಂದಲೇ ಒಕ್ಕಿಸುತ್ತಾರೆ. ಬೈಕು ಅದರ ಮೇಲೆ ಜಾರುತ್ತದೆ, ಬ್ರೇಕ್ ಹಿಡಿದರೆ ಬೀಳುವುದು ನಿಶ್ಚಿತ. ಕಾರಿಗೆ ಇರುವ ಅಪಾಯ ಬೇರೆ: ಹುರುಳಿಯ ಒಣ ಬಳ್ಳಿ ಕೆಳಗಿನ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ನೂರಾರು ಡಿಗ್ರಿ ಕಾಯ್ದಿರುವ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದದ್ದಿದೆ. ಸಾಧ್ಯವಾದರೆ ರಾಶಿಯ ಅಂಚಿನಿಂದ ಹೋಗಬೇಕು. ಮೇಲೆಯೇ ಹೋಗಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆಯಬೇಕು. ಸುಟ್ಟ ಹುಲ್ಲಿನ ವಾಸನೆ ಬಂದರೆ ಎಲ್ಲರೂ ಇಳಿದು ದೂರ ಸರಿಯುವುದು ಮೊದಲ ಕೆಲಸ, ಸಾಮಾನು ಆಮೇಲಿನದು. ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಇದೇ ಕಾರಣಕ್ಕೆ ತಪ್ಪು.

ಬೇಸಿಗೆಯ ಕೊನೆಯಲ್ಲಿ ಬರುವ ಮೊದಲ ಮಳೆಗೆ, ತಿಂಗಳುಗಟ್ಟಲೆ ರಸ್ತೆಯ ಮೇಲೆ ಕುಳಿತ ಧೂಳು ಮತ್ತು ಎಣ್ಣೆಯ ಜಿಡ್ಡು ನೊರೆಯಂತೆ ಎದ್ದು, ಅರ್ಧ ಗಂಟೆ ಚೆನ್ನಾಗಿ ಸುರಿಯುವವರೆಗೆ ರಸ್ತೆ ಸಾಬೂನಿನಂತೆ ಜಾರುತ್ತದೆ. ಅಷ್ಟು ಹೊತ್ತು ಎಲ್ಲಾದರೂ ನಿಲ್ಲುವುದು ಲೇಸು, ಆದರೆ ಗುಡುಗಿನ ಮಳೆಯಲ್ಲಿ ಒಂಟಿ ಮರದ ಕೆಳಗಲ್ಲ. ಹೊಲದ ದಾರಿಗೆ ಇಳಿದವರಿಗೆ ಎರೆ ಮಣ್ಣು ಇನ್ನೊಂದು ಪಾಠ ಕಲಿಸುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಅದು ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಆಕ್ಸಿಲೇಟರ್ ತಿರುಗಿಸಿ ಪ್ರಯೋಜನವಿಲ್ಲ. ಇಳಿದು, ಕೋಲಿನಿಂದ ಮಣ್ಣು ಕೆದಕಿ, ಬೈಕನ್ನು ಹುಲ್ಲಿರುವ ಬದುವಿನ ಮೇಲೆ ತಳ್ಳಿಕೊಂಡು ಹೋಗಬೇಕು. ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಬಂದ ಮೇಲೆ ಇಳಿದರೆ ಊರವರೆಗೂ ತಳ್ಳಬೇಕಾಗುತ್ತದೆ.